ವಿಎಸ್ ಕೋಡ್‌ನಲ್ಲಿ ಆರ್: ಆರ್‌ಸ್ಟುಡಿಯೊ ಬಿಟ್ಟು ಬರುವ ಮುನ್ನ ತಿಳಿದಿರಬೇಕಾದದ್ದು

ಅಂಕಿಅಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ಕಲಿತವರಲ್ಲಿ ಹೆಚ್ಚಿನವರು ಅದನ್ನು ಆರ್‌ಸ್ಟುಡಿಯೊ ಎಂಬ ಎಡಿಟರ್‌ನ ಕಿಟಕಿಯಿಂದಲೇ ನೋಡಿದವರು. ಕಾಲೇಜಿನ ಸಂಖ್ಯಾಶಾಸ್ತ್ರ ಲ್ಯಾಬ್ ಇರಲಿ, ಬೆಂಗಳೂರಿನ ಡೇಟಾ ತಂಡ ಇರಲಿ, ಮೊದಲ ದಿನದ ಪಾಠ ಒಂದೇ: ಮೊದಲು ಆರ್ ಹಾಕಿಕೊಳ್ಳಿ, ಆಮೇಲೆ ಆರ್‌ಸ್ಟುಡಿಯೊ ಹಾಕಿಕೊಳ್ಳಿ. ಹಾಗಾಗಿ ಎರಡೂ ಒಂದೇ ಎಂದು ತಿಳಿದವರೂ ಬಹಳ. ಆದರೆ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಆರ್‌ನ 1.0.0 ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು, ಆರ್‌ಸ್ಟುಡಿಯೊ ಬಂದದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಈಮ್ಯಾಕ್ಸ್‌ನಲ್ಲೋ ವಿಮ್‌ನಲ್ಲೋ ಬರೆದು ಕೆಲಸ ಸಾಗಿಸಿದ್ದಾರೆ. ಈಗ ಆ ಜಾಗಕ್ಕೆ ಬಂದಿರುವುದು ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್. ಈ ಬರಹ ಅದರ ಆರ್ ಎಕ್ಸ್‌ಟೆನ್ಷನ್, ಅಂದರೆ ಆರ್‌ಗಾಗಿ ಎಡಿಟರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗದ ಕುರಿತು. ಮಾರ್ಕೆಟ್‌ಪ್ಲೇಸ್‌ನಲ್ಲಿ ಆರ್‌ಎಡಿಟರ್‌ಸಪೋರ್ಟ್ ಎಂಬ ಹೆಸರಿನಡಿ ಸಿಗುವುದು ಇದೇ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನವಿಡೀ ಆರ್ ಒಂದನ್ನೇ, ತಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಬರೆಯುವವರು ಆರ್‌ಸ್ಟುಡಿಯೊ ಬಿಡಬೇಕಾದ ಅಗತ್ಯವಿಲ್ಲ. ಆರ್ ಜತೆಗೆ ಪೈಥಾನ್, ಎಸ್‌ಕ್ಯೂಎಲ್, ಸಿ++ ಬರೆಯುವವರಿಗೆ, ದೂರದ ಸರ್ವರ್‌ನಲ್ಲಿ ಕೆಲಸ ಮಾಡುವವರಿಗೆ, ನೂರಾರು ಫೈಲ್‌ಗಳ ದೊಡ್ಡ ಪ್ರಾಜೆಕ್ಟ್ ಇರುವವರಿಗೆ ವಿಎಸ್ ಕೋಡ್ ನಿಜಕ್ಕೂ ಅನುಕೂಲ. ಆದರೆ ಅರ್ಧ ದಿನವಾದರೂ ಕೂತು ಇದನ್ನು ಕಟ್ಟಿಕೊಳ್ಳಬೇಕು. ಕಟ್ಟುವಾಗ ಯಾವ ಭಾಗ ಯಾವುದಕ್ಕೆ ಸಿಕ್ಕಿಕೊಂಡಿದೆ ಎಂದು ತಿಳಿದಿದ್ದರೆ ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹತ್ತು ನಿಮಿಷದಲ್ಲಿ ಬಗೆಹರಿಯುತ್ತವೆ.

ಒಂದು ಕಿಟಕಿ, ಮೂರು ಆರ್

ಆರ್‌ಸ್ಟುಡಿಯೊದಲ್ಲಿ ಓಡುವುದು ಒಂದೇ ಆರ್ ಸೆಷನ್, ಅಂದರೆ ಆರ್‌ನ ಒಂದೇ ಪ್ರತಿ. ಕೋಡ್ ನಡೆಸುವುದೂ ಅದೇ, ಅರ್ಧ ಟೈಪ್ ಮಾಡಿದ ಹೆಸರನ್ನು ಪೂರ್ತಿ ಮಾಡಿ ತೋರಿಸುವುದೂ ಅದೇ, ಸಹಾಯ ಪುಟ ಕೊಡುವುದೂ ಅದೇ. ವಿಎಸ್ ಕೋಡ್‌ನಲ್ಲಿ ಹಾಗಲ್ಲ. ಇಲ್ಲಿ ಕಡಿಮೆಯೆಂದರೂ ಮೂರು ಆರ್‌ಗಳು ಬೇರೆ ಬೇರೆಯಾಗಿ ಓಡುತ್ತವೆ. ಕೆಳಗಿನ ಟರ್ಮಿನಲ್‌ನಲ್ಲಿ ಕಾಣುವುದು ಮೊದಲನೆಯದು. ಕಂಟ್ರೋಲ್-ಎಂಟರ್ ಒತ್ತಿದಾಗ ಸಾಲು ಹೋಗುವುದು ಇದಕ್ಕೆ. ಎರಡನೆಯದು ತೆರೆಮರೆಯಲ್ಲಿ ಲ್ಯಾಂಗ್ವೇಜ್‌ಸರ್ವರ್ ಎಂಬ ಪ್ಯಾಕೇಜನ್ನು (ಆರ್‌ಗೆ ಸೇರಿಸಿಕೊಳ್ಳುವ ಕೋಡ್ ಕಟ್ಟನ್ನು) ನಡೆಸುತ್ತಿರುತ್ತದೆ. ಹೆಸರು ಪೂರ್ತಿ ಮಾಡುವುದು, ತಪ್ಪಿನ ಕೆಳಗೆ ಗೆರೆ ಎಳೆಯುವುದು, ಫಂಕ್ಷನ್ ಎಲ್ಲಿ ಬರೆದಿದೆಯೋ ಅಲ್ಲಿಗೆ ಕರೆದೊಯ್ಯುವುದು, ಸಾಲುಗಳನ್ನು ಒಪ್ಪವಾಗಿ ಜೋಡಿಸುವುದು ಎಲ್ಲ ಇದರ ಪಾಲು. ಮೂರನೆಯದು ಸಹಾಯ ಪುಟಗಳನ್ನು ಕೊಡುವ ಆರ್.

ಎರಡನೆಯ ಆರ್‌ಗೆ ಮೊದಲನೆಯದರಲ್ಲಿ ಏನು ನಡೆಯುತ್ತಿದೆ ಎಂಬುದು ತಾನಾಗಿ ಗೊತ್ತಾಗುವುದಿಲ್ಲ. ಟರ್ಮಿನಲ್‌ನಲ್ಲಿ 'ಮಳೆ' ಎಂಬ ಡೇಟಾಫ್ರೇಮ್ (ಡೇಟಾದ ಟೇಬಲ್) ಓದಿಕೊಂಡಿದ್ದರೂ ಅದರ ಕಾಲಂ ಹೆಸರುಗಳು ಲ್ಯಾಂಗ್ವೇಜ್‌ಸರ್ವರ್‌ಗೆ ತಿಳಿದಿರುವುದಿಲ್ಲ. ಈ ಕಂದಕಕ್ಕೆ ಸೇತುವೆಯಾಗಿರುವುದು ಸೆಷನ್ ವಾಚರ್ ಎಂಬ ಸೌಲಭ್ಯ. ಹೋಮ್ ಫೋಲ್ಡರ್‌ನಲ್ಲಿ ಡಾಟ್-ವಿಎಸ್‌ಕೋಡ್-ಆರ್ ಎಂಬ ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಅದರೊಳಗಿನ ಇನಿಟ್ ಡಾಟ್ ಆರ್ ಎಂಬ ಫೈಲನ್ನು ಟರ್ಮಿನಲ್‌ನ ಆರ್ ಶುರುವಾಗುವಾಗ ಓದಿಕೊಂಡರೆ ಸುದ್ದಿ ಎಡಿಟರ್‌ಗೆ ತಲುಪುತ್ತದೆ. ಆಮೇಲೆಯೇ ಡಾಲರ್ ಚಿಹ್ನೆ ಒತ್ತಿದಾಗ ಕಾಲಂ ಪಟ್ಟಿ ಇಳಿಯುವುದು, ವ್ಯೂ ಎಂದಾಗ ಟೇಬಲ್ ಎಡಿಟರ್ ಒಳಗೇ ತೆರೆಯುವುದು, ಎಡಗಡೆಯ ವರ್ಕ್‌ಸ್ಪೇಸ್ ಪಟ್ಟಿ ತುಂಬುವುದು.

ಏನಾದರೂ ಕೆಟ್ಟಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೈಕೊಟ್ಟಿರುವುದು ಯಾವ ಆರ್? ಕಂಟ್ರೋಲ್-ಎಂಟರ್ ಕೆಲಸ ಮಾಡುತ್ತಿದೆ, ಆದರೆ ಯಾವ ಹೆಸರೂ ಪೂರ್ತಿಯಾಗುತ್ತಿಲ್ಲ ಎಂದರೆ ಲ್ಯಾಂಗ್ವೇಜ್‌ಸರ್ವರ್ ಶುರುವೇ ಆಗಿಲ್ಲ. ಪ್ಯಾಕೇಜ್‌ಗಳ ಫಂಕ್ಷನ್ ಹೆಸರು ಬರುತ್ತಿದೆ, ನಿಮ್ಮ ಡೇಟಾದ ಕಾಲಂ ಹೆಸರು ಮಾತ್ರ ಬರುತ್ತಿಲ್ಲ ಎಂದರೆ ಸೇತುವೆ ಮುರಿದಿದೆ. ಕೆಳಪಟ್ಟಿಯಲ್ಲಿ ಆರ್ ಪಕ್ಕ 'ನಾಟ್ ಅಟ್ಯಾಚ್ಡ್' ಎಂದು ಇದ್ದರೂ ಇದೇ ಅರ್ಥ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಮುಂದಿರುವ ಟರ್ಮಿನಲ್ ಜೋಡಿಸಿಕೊಳ್ಳುತ್ತದೆ.

ಹಾಕಿಕೊಳ್ಳುವ ಕ್ರಮ

ಮೊದಲು ಆರ್, ಆಮೇಲೆ ಆರ್ ಒಳಗಿನಿಂದ ಲ್ಯಾಂಗ್ವೇಜ್‌ಸರ್ವರ್ ಪ್ಯಾಕೇಜ್, ಕೊನೆಗೆ ಎಕ್ಸ್‌ಟೆನ್ಷನ್. ಕ್ರಮ ತಿರುಗಿಸಿದರೂ ನಡೆಯುತ್ತದೆ, ಆದರೆ ಪ್ಯಾಕೇಜ್ ಸಿಗಲಿಲ್ಲವೆಂಬ ಸೂಚನೆ ಪದೇ ಪದೇ ಬಂದು ಗಲಿಬಿಲಿ ಮಾಡುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಸಿದ್ಧ ಪ್ಯಾಕೇಜ್ ಇಳಿಯುವುದರಿಂದ ಎರಡು ಮೂರು ನಿಮಿಷದ ಕೆಲಸ. ಉಬುಂಟುವಿನಲ್ಲಿ ಸಾಮಾನ್ಯವಾಗಿ ಮೂಲ ಕೋಡ್‌ನಿಂದ ಕಂಪೈಲ್ ಆಗುವುದರಿಂದ ಹೊತ್ತು ಹಿಡಿಯುತ್ತದೆ. ಅರ್ಧಕ್ಕೆ ನಿಂತರೆ ಬಹುಪಾಲು ಕಾರಣ ಲಿಬ್‌ಎಕ್ಸ್‌ಎಂಎಲ್2, ಲಿಬ್‌ಕರ್ಲ್, ಲಿಬ್‌ಎಸ್‌ಎಸ್‌ಎಲ್‌ಗಳ 'ಡೆವ್' ಪ್ಯಾಕೇಜ್‌ಗಳು ಇಲ್ಲದಿರುವುದು. ಅವನ್ನು ಆಪ್ಟ್‌ನಿಂದ ಹಾಕಿ, ಜತೆಗೆ ಆರ್-ಬೇಸ್-ಡೆವ್ ಕೂಡ ಹಾಕಿ ಮತ್ತೆ ಶುರು ಮಾಡಿ. ದೋಷ ಸಂದೇಶದಲ್ಲಿ ಕೊನೆಯ ಸಾಲು ನೋಡಬೇಡಿ, ಅದು ಯಾವಾಗಲೂ ಲ್ಯಾಂಗ್ವೇಜ್‌ಸರ್ವರನ್ನೇ ದೂರುತ್ತದೆ. ಮೇಲಕ್ಕೆ ಹೋಗಿ ಮೊದಲು ಬಿದ್ದ ಪ್ಯಾಕೇಜ್ ಯಾವುದೆಂದು ಹುಡುಕಿ.

ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಷನ್ ಆರ್ ಇರುವ ಜಾಗವನ್ನು ರಿಜಿಸ್ಟ್ರಿಯಿಂದ ತಿಳಿದುಕೊಳ್ಳುತ್ತದೆ. ಅಡ್ಮಿನ್ ಅನುಮತಿಯಿಲ್ಲದ ಆಫೀಸ್ ಕಂಪ್ಯೂಟರ್‌ಗಳಲ್ಲಿ ಆರ್ ಬೇರೆಲ್ಲೋ ಕೂತಿರುತ್ತದೆ, ಆಗ ಸೆಟ್ಟಿಂಗ್ಸ್‌ನಲ್ಲಿ ದಾರಿಯನ್ನು ಕೈಯಾರೆ ಕೊಡಬೇಕು. ಜೇಸನ್ ಫೈಲ್‌ನಲ್ಲಿ ಬರೆಯುವಾಗ ಒಂಟಿ ಬ್ಯಾಕ್‌ಸ್ಲಾಶ್ ನಡೆಯುವುದಿಲ್ಲ. ಜೋಡಿ ಹಾಕಿ, ಇಲ್ಲವೇ ಮುಂದಕ್ಕೆ ವಾಲಿದ ಸ್ಲಾಶ್ ಬಳಸಿ. ಹೀಗೆ ಕೊಟ್ಟ ದಾರಿಯಲ್ಲಿ ಆವೃತ್ತಿಯ ಸಂಖ್ಯೆಯೂ ಇರುತ್ತದೆ ಎಂಬುದು ನೆನಪಿರಲಿ. ಆರ್ ಹೊಸದಾದ ದಿನ ಹಳೆಯ ಫೋಲ್ಡರ್ ತೆಗೆದುಹಾಕಿದರೆ ಟರ್ಮಿನಲ್ ತೆರೆಯುವುದೇ ಇಲ್ಲ. ಇನ್ನೊಂದು: ಬಳಕೆದಾರರ ಪ್ಯಾಕೇಜ್ ಫೋಲ್ಡರ್ 4.3, 4.4 ಎಂದು ಆವೃತ್ತಿಗೊಂದು ಬೇರೆಯಾಗಿರುತ್ತದೆ. 4.3ರಿಂದ 4.4ಕ್ಕೆ ಏರಿದ ಕೂಡಲೇ ಲ್ಯಾಂಗ್ವೇಜ್‌ಸರ್ವರ್ ಮತ್ತೆ ಹಾಕಲೇಬೇಕು. "ನಿನ್ನೆವರೆಗೆ ಸರಿಯಿತ್ತು, ಇವತ್ತು ಏನೂ ಬರುತ್ತಿಲ್ಲ" ಎಂಬ ದೂರಿಗೆ ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಫೈಲ್ ತೆರೆಯುವ ರೂಢಿಯನ್ನೂ ಬದಲಿಸಿಕೊಳ್ಳಬೇಕು. ಆರ್‌ಸ್ಟುಡಿಯೊದಲ್ಲಿ ಪ್ರಾಜೆಕ್ಟ್ ಫೈಲ್ ಕ್ಲಿಕ್ ಮಾಡಿದರೆ ಕೆಲಸದ ಫೋಲ್ಡರ್ ತಾನಾಗಿ ನಿಗದಿಯಾಗುತ್ತದೆ. ವಿಎಸ್ ಕೋಡ್ ಆ ಫೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವಾಗಲೂ 'ಓಪನ್ ಫೋಲ್ಡರ್' ಮೂಲಕವೇ ಒಳಗೆ ಬನ್ನಿ. ಒಂಟಿ ಫೈಲ್ ತೆರೆದರೆ ಟರ್ಮಿನಲ್‌ನ ಆರ್ ಹೋಮ್ ಫೋಲ್ಡರ್‌ನಲ್ಲಿ ಶುರುವಾಗುತ್ತದೆ, ಡೇಟಾ ಫೈಲ್ ಸಿಗುವುದಿಲ್ಲ.

ಟರ್ಮಿನಲ್‌ಗೆ ರೇಡಿಯನ್ ಹಾಕಿಕೊಳ್ಳುವುದು ಬಹಳ ಜನರ ಆಯ್ಕೆ, ಒಳ್ಳೆಯ ಆಯ್ಕೆಯೇ. ಪೈಥಾನ್‌ನ ಪಿಪ್‌ನಿಂದ ಇಳಿಯುವ ಈ ಕನ್ಸೋಲ್‌ನಲ್ಲಿ ಬಣ್ಣ ಇದೆ, ಹಲವು ಸಾಲಿನ ಕೋಡನ್ನು ಹಿಂದಕ್ಕೆ ಹೋಗಿ ತಿದ್ದಬಹುದು. ಆದರೆ ಇದನ್ನು ಹಾಕಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಬ್ರ್ಯಾಕೆಟೆಡ್ ಪೇಸ್ಟ್ ಎಂಬುದನ್ನು ಆನ್ ಮಾಡಬೇಕು. ಮಾಡದಿದ್ದರೆ ಎಡಿಟರ್‌ನಿಂದ ಹೋದ ಕೋಡನ್ನು ರೇಡಿಯನ್ ಕೈಯಲ್ಲಿ ಟೈಪ್ ಮಾಡಿದಂತೆ ಭಾವಿಸಿ ತನ್ನದೊಂದು ಕಂಸ, ತನ್ನದೊಂದಿಷ್ಟು ಖಾಲಿ ಜಾಗ ಸೇರಿಸುತ್ತದೆ. ಹತ್ತು ಸಾಲಿನ ಫಂಕ್ಷನ್ ಮೆಟ್ಟಿಲಿನಂತೆ ಬಲಕ್ಕೆ ಸರಿಯುತ್ತಾ ಹೋಗಿ ಕೊನೆಗೆ ದೋಷ ಬರುತ್ತದೆ. ತಿರುಗಿ, ರೇಡಿಯನ್ ತೆಗೆದು ವಿಂಡೋಸ್‌ನ ಸಾದಾ ಆರ್‌ಗೆ ಮರಳಿದಾಗ ಇದೇ ಸೆಟ್ಟಿಂಗ್ ಆಫ್ ಮಾಡಬೇಕು. ಸಾಲಿನ ಆರಂಭದಲ್ಲಿ ಚೌಕ ಕಂಸದೊಂದಿಗೆ 200 ಎಂಬ ಅಂಕಿ ತೂರಿಕೊಂಡು ಕೋಡ್ ನಡೆಯುತ್ತಿಲ್ಲವೆಂದರೆ ಕಾರಣ ಇದೇ.

ಕೈಗೆ ಒಗ್ಗಿದ ಕೀಲಿಗಳು ಸಿಗದಿರುವುದು ಮೊದಲ ವಾರದ ದೊಡ್ಡ ಕಿರಿಕಿರಿ. ಆರ್‌ಸ್ಟುಡಿಯೊದಲ್ಲಿ ಆಲ್ಟ್ ಜತೆ ಅಡ್ಡಗೆರೆ ಒತ್ತಿದರೆ <- ಬರುತ್ತದೆ, ಕಂಟ್ರೋಲ್-ಶಿಫ್ಟ್-ಎಂ ಒತ್ತಿದರೆ ಒಂದು ಹೆಜ್ಜೆಯ ಫಲಿತಾಂಶವನ್ನು ಮುಂದಿನದಕ್ಕೆ ಸಾಗಿಸುವ ಪೈಪ್ ಚಿಹ್ನೆ ಬರುತ್ತದೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್-ಶಿಫ್ಟ್-ಎಂ ಪ್ರಾಬ್ಲಮ್ಸ್ ಪಟ್ಟಿಯನ್ನು ತೆರೆಯುತ್ತದೆ. ಕೀಬೈಂಡಿಂಗ್ಸ್ ಫೈಲ್‌ನಲ್ಲಿ ಎರಡನ್ನೂ ಬರೆದುಕೊಳ್ಳಿ, ಆರ್ ಫೈಲ್ ಮುಂದಿದ್ದಾಗ ಮಾತ್ರ ಎಂಬ ಷರತ್ತು ಸೇರಿಸಿ. ಎಡಿಟರ್‌ಗೆ ಬರೆದ ಕೀಲಿ ಟರ್ಮಿನಲ್‌ನಲ್ಲಿ ನಡೆಯುವುದಿಲ್ಲ. ಅಲ್ಲಿಗೆ 'ಸೆಂಡ್ ಸೀಕ್ವೆನ್ಸ್' ಆಜ್ಞೆಯೊಂದಿಗೆ ಇನ್ನೊಂದು ಜೋಡಿ ಬೇಕು. ಪೈಪ್ ಎಂದರೆ ಆರ್ 4.1ರಿಂದ ಬಂದ |> ಬೇಕೋ ಹಳೆಯ %>% ಬೇಕೋ ಎಂಬುದನ್ನು ತಂಡದಲ್ಲಿ ಒಮ್ಮೆ ತೀರ್ಮಾನಿಸಿಕೊಂಡರೆ ಒಳಿತು.

ಕೆಲಸದಲ್ಲಿ ಹೇಗೆ

ಕೋಡ್ ಬರೆಯುವುದಕ್ಕೆ ವಿಎಸ್ ಕೋಡ್ ನಿಸ್ಸಂದೇಹವಾಗಿ ಮೇಲು. ಇಡೀ ಫೋಲ್ಡರ್‌ನಲ್ಲಿ ಹುಡುಕಿ ಬದಲಿಸುವುದು, ಒಂದೇ ಸಲ ಹತ್ತು ಕಡೆ ಕರ್ಸರ್ ಇಟ್ಟು ತಿದ್ದುವುದು, ಗಿಟ್‌ನಲ್ಲಿ ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಆರಿಸಿಕೊಳ್ಳುವುದು ಇಲ್ಲಿ ತುಂಬಾ ಸಲೀಸು. ನಾಲ್ಕು ಟರ್ಮಿನಲ್ ತೆರೆದು ನಾಲ್ಕರಲ್ಲೂ ಬೇರೆ ಬೇರೆ ಆರ್ ಓಡಿಸಬಹುದು. ಒಂದರಲ್ಲಿ ಎರಡು ಗಂಟೆ ಹಿಡಿಯುವ ಮಾಡೆಲ್ ನಡೆಯುತ್ತಿರುವಾಗ ಇನ್ನೊಂದರಲ್ಲಿ ಚಿತ್ರ ಬರೆಯುತ್ತಿರಬಹುದು. ಉಚಿತ ಆರ್‌ಸ್ಟುಡಿಯೊ ಸರ್ವರ್‌ನಲ್ಲಿ ಒಬ್ಬ ಬಳಕೆದಾರರಿಗೆ ಒಂದೇ ಸೆಷನ್.

ಡೇಟಾ ನೋಡುವುದಕ್ಕೆ ಆರ್‌ಸ್ಟುಡಿಯೊ ಮೇಲು, ಇದರಲ್ಲೂ ಅನುಮಾನ ಬೇಡ. ಎಡಿಟರ್‌ಗೆ ಟೇಬಲ್ ತೋರಿಸಬೇಕಾದರೆ ಡೇಟಾ ಟರ್ಮಿನಲ್‌ನ ಆರ್‌ನಿಂದ ಹೊರಬಂದು ಸೇತುವೆ ದಾಟಬೇಕು. ಕೆಲವು ಸಾವಿರ ಸಾಲಿನ ತನಕ ಗೊತ್ತಾಗುವುದಿಲ್ಲ, ಲಕ್ಷಗಟ್ಟಲೆ ಸಾಲಿದ್ದರೆ ಕಾಯಬೇಕಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಸಾಲುಗಳಿಗೆ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ವರ್ಕ್‌ಸ್ಪೇಸ್‌ನಲ್ಲಿ ಭಾರೀ ಆಬ್ಜೆಕ್ಟ್‌ಗಳಿದ್ದಾಗ ಪ್ರತಿ ಸಾಲು ನಡೆದ ಮೇಲೂ ಪ್ರಾಂಪ್ಟ್ ಬರುವುದು ತಡವಾದರೆ 'ಲೆವೆಲ್ ಆಫ್ ಆಬ್ಜೆಕ್ಟ್ ಡೀಟೇಲ್' ಎಂಬುದನ್ನು 'ಮಿನಿಮಲ್' ಮಾಡಿ. ಪಟ್ಟಿಯಲ್ಲಿ ವಿವರ ಕಡಿಮೆಯಾಗುತ್ತದೆ, ಕೆಲಸ ಚುರುಕಾಗುತ್ತದೆ.

ಚಿತ್ರಗಳಿಗೆ ಎಚ್‌ಟಿಟಿಪಿಜಿಡಿ ಪ್ಯಾಕೇಜ್ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಪ್ಲಾಟ್ ಪಿಎನ್‌ಜಿ ಚಿತ್ರವಾಗಿ ಬರುತ್ತದೆ, ಕಿಟಕಿ ಹಿಗ್ಗಿಸಿದರೆ ಮಬ್ಬಾಗುತ್ತದೆ. ಹಾಕಿದರೆ ಕಿಟಕಿಯ ಅಳತೆಗೆ ತಕ್ಕಂತೆ ಮತ್ತೆ ಬರೆದುಕೊಳ್ಳುತ್ತದೆ, ಹಿಂದಿನ ಪ್ಲಾಟ್‌ಗಳೂ ಸಾಲಾಗಿ ಉಳಿಯುತ್ತವೆ. ಆರ್‌ನ ಅಧಿಕೃತ ಪ್ಯಾಕೇಜ್ ಭಂಡಾರವಾದ ಕ್ರ್ಯಾನ್‌ನಿಂದ ಇಳಿಯದಿದ್ದರೆ ಆರ್-ಯೂನಿವರ್ಸ್ ಎಂಬ ಇನ್ನೊಂದು ಭಂಡಾರದಿಂದ ತರಿಸಿಕೊಳ್ಳಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರಿನ ಮುಂದೆ ಗುರುತು ಹಾಕುವುದು ಮರೆಯಬೇಡಿ.

ಬರಹ ಮತ್ತು ಕೋಡ್ ಒಂದೇ ಫೈಲ್‌ನಲ್ಲಿರುವ ಆರ್ ಮಾರ್ಕ್‌ಡೌನ್ ಬರೆಯುವವರಿಗೆ ಒಂದು ಎಚ್ಚರಿಕೆ. ಅದನ್ನು ವರದಿಯಾಗಿಸುವ ನಿಟ್ ಗುಂಡಿ ಒತ್ತಿದ ಕೂಡಲೇ ಪ್ಯಾನ್‌ಡಾಕ್ (ದಾಖಲೆಯ ರೂಪ ಬದಲಿಸುವ ಪ್ರೋಗ್ರಾಂ) ಸಿಗಲಿಲ್ಲ ಎಂಬ ದೋಷ ಬರಬಹುದು. ಆರ್‌ಸ್ಟುಡಿಯೊ ತನ್ನ ಜತೆಗೇ ಪ್ಯಾನ್‌ಡಾಕ್ ತಂದುಕೊಡುತ್ತದೆ, ವಿಎಸ್ ಕೋಡ್ ಕೊಡುವುದಿಲ್ಲ. ಪ್ಯಾನ್‌ಡಾಕ್ ಬೇರೆಯಾಗಿ ಹಾಕಿಕೊಂಡರೆ ಮುಗಿಯಿತು. ಕೋಡ್ ತುಂಡಿನ ಕೆಳಗೇ ಅದರ ಫಲಿತಾಂಶ ಕಾಣುವ ಆರ್‌ಸ್ಟುಡಿಯೊದ ಅನುಕೂಲ ಮಾತ್ರ ಈ ಎಕ್ಸ್‌ಟೆನ್ಷನ್‌ನಲ್ಲಿ ಇಲ್ಲ. ಫಲಿತಾಂಶ ಟರ್ಮಿನಲ್‌ಗೆ ಹೋಗುತ್ತದೆ, ಚಿತ್ರ ಪ್ಲಾಟ್ ಕಿಟಕಿಗೆ ಹೋಗುತ್ತದೆ. ತರಗತಿಯ ಟಿಪ್ಪಣಿಗಳನ್ನು ನೋಟ್‌ಬುಕ್‌ನಂತೆ ಬರೆಯುವವರಿಗೆ ಇದು ನಿಜವಾದ ನಷ್ಟ.

ಡೀಬಗ್ ಮಾಡುವುದಕ್ಕೆ ಬೇರೆ ಎಕ್ಸ್‌ಟೆನ್ಷನ್ ಇದೆ, ಅದಕ್ಕೆ ಕ್ರ್ಯಾನ್‌ನಲ್ಲಿಲ್ಲದ ಇನ್ನೊಂದು ಪ್ಯಾಕೇಜ್ ಬೇಕು. ಸಾಲಿನ ಪಕ್ಕ ಕೆಂಪು ಚುಕ್ಕೆ ಇಟ್ಟು ನಿಲ್ಲಿಸುವ ಕೆಲಸ ಆರ್‌ಸ್ಟುಡಿಯೊದಲ್ಲಿ ಹೆಚ್ಚು ಸರಾಗ. ಇಲ್ಲಿ ಫಂಕ್ಷನ್ ಒಳಗೆ ಬ್ರೌಸರ್ ಆಜ್ಞೆ ಬರೆದು ಟರ್ಮಿನಲ್‌ನಲ್ಲಿ ನಿಂತು ನೋಡುವುದೇ ಸುಲಭದ ದಾರಿ.

ಕೋಡ್‌ನ ಶೈಲಿ ಪರೀಕ್ಷಿಸುವ ಲಿಂಟರ್ ಸಾಲುಗಳ ಕೆಳಗೆಲ್ಲ ನೀಲಿ ಗೆರೆ ಎಳೆದು ಹೆದರಿಸುತ್ತದೆ. ಮೂಲದಲ್ಲಿ ಸಾಲಿನ ಮಿತಿ 80 ಅಕ್ಷರ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಡಾಟ್-ಲಿಂಟರ್ ಎಂಬ ಫೈಲ್ ಇಟ್ಟು ಮಿತಿಯನ್ನು 120ಕ್ಕೆ ಏರಿಸಬಹುದು. ಆ ಫೈಲ್‌ನ ಕೊನೆಯಲ್ಲಿ ಒಂದು ಎಂಟರ್ ಇರಲೇಬೇಕು. ಇಲ್ಲದಿದ್ದರೆ ಬರೆದದ್ದೆಲ್ಲ ಸರಿಯಿದ್ದರೂ ಫೈಲ್ ಓದಲಾಗಲಿಲ್ಲ ಎಂಬ ದೂರು ಬರುತ್ತದೆ.

ಆರ್‌ಎನ್ವ್ ಬಳಸುವ ಪ್ರಾಜೆಕ್ಟ್‌ಗಳಲ್ಲಿ

ಪ್ರಾಜೆಕ್ಟ್‌ಗೊಂದು ಪ್ರತ್ಯೇಕ ಪ್ಯಾಕೇಜ್ ಸಂಗ್ರಹ ಇಡುವ ಆರ್‌ಎನ್ವ್ ಹಾಕಿದ ಮರುಕ್ಷಣ ಎಡಿಟರ್ ಮಂಕಾಗುವುದು ಸಾಮಾನ್ಯ ದೂರು. ಮೂರು ಆರ್‌ಗಳ ಲೆಕ್ಕ ಗೊತ್ತಿದ್ದರೆ ಕಾರಣ ತಟ್ಟನೆ ಹೊಳೆಯುತ್ತದೆ. ತೆರೆಮರೆಯ ಆರ್ ಕೂಡ ಇದೇ ಫೋಲ್ಡರ್‌ನಲ್ಲಿ ಶುರುವಾಗುತ್ತದೆ, ಶುರುವಾಗುವಾಗ ಓದುವ ಆರ್‌ಪ್ರೊಫೈಲ್ ಎಂಬ ಫೈಲನ್ನು ಇಲ್ಲಿಂದಲೇ ಓದುತ್ತದೆ, ಆರ್‌ಎನ್ವ್ ತೋರಿಸಿದ ಸಂಗ್ರಹವನ್ನಷ್ಟೇ ನೋಡುತ್ತದೆ. ಅಲ್ಲಿ ಲ್ಯಾಂಗ್ವೇಜ್‌ಸರ್ವರ್ ಇಲ್ಲ. ಪ್ರಾಜೆಕ್ಟ್ ಒಳಗೆ ಆರ್‌ಎನ್ವ್‌ನ ಇನ್‌ಸ್ಟಾಲ್ ಆಜ್ಞೆಯಿಂದ ಲ್ಯಾಂಗ್ವೇಜ್‌ಸರ್ವರ್ ಮತ್ತು ಜೇಸನ್‌ಲೈಟ್ ಹಾಕಿದರೆ ಸರಿಹೋಗುತ್ತದೆ. ನಿಮ್ಮ ಕೋಡ್‌ನಲ್ಲಿ ಇವುಗಳ ಹೆಸರು ಬಾರದಿರುವುದರಿಂದ ಮೂಲ ಸೆಟ್ಟಿಂಗ್‌ನಲ್ಲಿ ಪ್ಯಾಕೇಜ್‌ಗಳ ಪಟ್ಟಿ ಇಡುವ ಲಾಕ್ ಫೈಲ್‌ಗೂ ಸೇರುವುದಿಲ್ಲ, ಜತೆಗಾರರಿಗೆ ತೊಂದರೆಯಿಲ್ಲ.

ದೂರದ ಸರ್ವರ್

ವಿಎಸ್ ಕೋಡ್ ಕಡೆಗೆ ಬರಲು ಅತ್ಯಂತ ಗಟ್ಟಿ ಕಾರಣ ದೂರದ ಸರ್ವರನ್ನು ಎಡಿಟರ್‌ಗೆ ಜೋಡಿಸುವ ರಿಮೋಟ್-ಎಸ್‌ಎಸ್‌ಎಚ್. ಸರ್ವರ್‌ನಲ್ಲಿ ಆರ್ ಇದ್ದು ಎಸ್‌ಎಸ್‌ಎಚ್ ಲಾಗಿನ್ ಇದ್ದರೆ ಸಾಕು, ಅಡ್ಮಿನ್‌ಗೆ ಅರ್ಜಿ ಹಾಕಿ ಆರ್‌ಸ್ಟುಡಿಯೊ ಸರ್ವರ್ ಹಾಕಿಸಬೇಕಿಲ್ಲ. ಆರ್ ಎಕ್ಸ್‌ಟೆನ್ಷನನ್ನು ಸರ್ವರ್ ಬದಿಯಲ್ಲೂ ಹಾಕಬೇಕು. ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಅದಕ್ಕೆಂದೇ ಗುಂಡಿ ಬರುತ್ತದೆ. ಲ್ಯಾಂಗ್ವೇಜ್‌ಸರ್ವರ್ ಪ್ಯಾಕೇಜ್ ಕೂಡ ಸರ್ವರ್‌ನ ಆರ್‌ನಲ್ಲೇ ಇರಬೇಕು. ಹಳೆಯ ಸರ್ವರ್ ಇರುವ ಸಂಸ್ಥೆಗಳು ಒಂದು ಮಾತು ಗಮನಿಸಬೇಕು: ವಿಎಸ್ ಕೋಡ್‌ನ 2025ರ ಮಾರ್ಚ್ ತಿಂಗಳ 1.99 ಆವೃತ್ತಿಯಿಂದ ಆಚೆಗೆ ಸರ್ವರ್ ಬದಿಯಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28 ಅಥವಾ ಹೊಸದು ಇರಬೇಕು. ಸೆಂಟ್‌ಒಎಸ್ 7ರಲ್ಲಿ ಇರುವುದು 2.17. ಅಲ್ಲಿ ಸಂಪರ್ಕವೇ ಆಗುವುದಿಲ್ಲ.

ರಾತ್ರಿಯಿಡೀ ನಡೆಯಬೇಕಾದ ಲೆಕ್ಕವನ್ನು ಎಡಿಟರ್‌ನ ಟರ್ಮಿನಲ್ ನಂಬಿ ಬಿಡಬೇಡಿ. ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತಾದರೆ ಸರ್ವರ್‌ನ ಆರ್ ಸಾಯುತ್ತದೆ. ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ ಆರ್ ಶುರು ಮಾಡಿ. ಆದರೆ ಹೀಗೆ ನೀವೇ ಶುರು ಮಾಡಿದ ಆರ್‌ಗೆ ಎಕ್ಸ್‌ಟೆನ್ಷನ್ ಪರಿಚಯವಿಲ್ಲ. ಹೋಮ್ ಫೋಲ್ಡರ್‌ನ ಆರ್‌ಪ್ರೊಫೈಲ್‌ನಲ್ಲಿ ಮೇಲೆ ಹೇಳಿದ ಇನಿಟ್ ಫೈಲನ್ನು ಸೋರ್ಸ್ ಮಾಡುವ ಒಂದು ಸಾಲು ಬರೆಯಬೇಕು, ಸೆಟ್ಟಿಂಗ್ಸ್‌ನಲ್ಲಿ 'ಆಲ್ವೇಸ್ ಯೂಸ್ ಆ್ಯಕ್ಟಿವ್ ಟರ್ಮಿನಲ್' ಆನ್ ಮಾಡಬೇಕು. ಆ ಸಾಲಿಗೆ ಎರಡು ಷರತ್ತು ಇರಲಿ: ಸೆಷನ್ ಇಂಟರ‍್ಯಾಕ್ಟಿವ್ ಆಗಿರಬೇಕು, ಆರ್‌ಸ್ಟುಡಿಯೊ ಒಳಗೆ ಇರಬಾರದು. ಪ್ರಾಜೆಕ್ಟ್‌ಗೆ ತನ್ನದೇ ಆರ್‌ಪ್ರೊಫೈಲ್ ಇದ್ದರೆ ಹೋಮ್‌ನದನ್ನು ಆರ್ ಓದುವುದೇ ಇಲ್ಲ, ಆಗ ಅದೇ ಸಾಲು ಅಲ್ಲೂ ಬೇಕು.

ಕನ್ನಡದ ಡೇಟಾ ಇದ್ದರೆ

ಸರ್ಕಾರಿ ಅಂಕಿಅಂಶ, ಸಮೀಕ್ಷೆ, ಪಂಚಾಯಿತಿ ಪಟ್ಟಿ ಎಂದು ಕನ್ನಡದ ಪಠ್ಯ ಆರ್ ಒಳಗೆ ಬರುವುದು ಈಗ ಮಾಮೂಲು. ಆರ್ 4.2ರಿಂದ (2022ರ ಏಪ್ರಿಲ್) ವಿಂಡೋಸ್‌ನಲ್ಲೂ ಯುಟಿಎಫ್-8 ಮೂಲ ಎನ್‌ಕೋಡಿಂಗ್ ಆಗಿದೆ. ವಿಂಡೋಸ್ 10ರ 1903 ಅಥವಾ ಅದರ ನಂತರದ ಆವೃತ್ತಿ ಇರಬೇಕು. ಅದಕ್ಕಿಂತ ಹಳೆಯ ಆರ್‌ನಲ್ಲಿ ಕನ್ನಡದ ಜಾಗದಲ್ಲಿ ಕೋನ ಕಂಸದೊಳಗಿನ ಸಂಕೇತಗಳು ಕಾಣುತ್ತಿದ್ದರೆ ಎಡಿಟರನ್ನು ದೂರಬೇಡಿ, ಆರ್ ಹೊಸದು ಮಾಡಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಯೂನಿಕೋಡ್ ಅಲ್ಲ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಂಡೇ ಇಲ್ಲಿಗೆ ತರಬೇಕು.

ಎಡಿಟರ್‌ನಲ್ಲಿ ಫಾಂಟ್ ಸೆಟ್ಟಿಂಗ್‌ಗೆ ಕೋಡ್ ಫಾಂಟ್‌ನ ಹೆಸರು ಬರೆದು ಕಾಮಾ ಹಾಕಿ ನೋಟೊ ಸಾನ್ಸ್ ಕನ್ನಡ ಸೇರಿಸಿ. ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಂಡರೆ ಲೈನ್ ಹೈಟ್ 1.6 ಮಾಡಿ. 8ಕ್ಕಿಂತ ಕಡಿಮೆ ಸಂಖ್ಯೆ ಕೊಟ್ಟರೆ ಫಾಂಟ್ ಅಳತೆಯ ಅಷ್ಟು ಪಟ್ಟು ಎಂದು ವಿಎಸ್ ಕೋಡ್ ತಿಳಿಯುತ್ತದೆ. ಟರ್ಮಿನಲ್‌ನಲ್ಲಿ ಮಾತ್ರ ಕನ್ನಡ ಸರಿಯಾಗಿ ಕೂರುವುದಿಲ್ಲ. ಟರ್ಮಿನಲ್ ಎಂಬುದು ಸಮ ಅಗಲದ ಚೌಕಗಳ ಹಾಳೆ. ಒತ್ತು, ಗುಣಿತ ಸೇರಿ ಅಗಲ ಬದಲಿಸುವ ಲಿಪಿಗೆ ಅದು ಹೊಂದುವುದಿಲ್ಲ, ಕಾಲಂಗಳು ವಕ್ರವಾಗುತ್ತವೆ. ಕನ್ನಡದ ಟೇಬಲನ್ನು ಯಾವಾಗಲೂ ವ್ಯೂ ಮಾಡಿಯೇ ನೋಡಿ.

ಫೋಲ್ಡರ್ ತೆರೆದಾಗ ಕನ್ನಡದ ಪ್ರತಿ ಅಕ್ಷರದ ಸುತ್ತ ಹಳದಿ ಚೌಕಟ್ಟು ಕಂಡರೆ ಗಾಬರಿ ಬೇಡ. ಫೋಲ್ಡರನ್ನು ನಂಬುತ್ತೀರಾ ಎಂಬ ಪ್ರಶ್ನೆಗೆ ಇನ್ನೂ ಹೌದು ಎಂದಿಲ್ಲ ಎಂದರ್ಥ. ನಂಬಿಕೆ ಕೊಟ್ಟ ಮೇಲೂ ಅಲ್ಲಲ್ಲಿ ಒಂಟಿ ಚೌಕಟ್ಟುಗಳು ಉಳಿದರೆ ಅವು ಬೆಲೆಯುಳ್ಳವು, ಅವನ್ನು ಆಫ್ ಮಾಡಬೇಡಿ. ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ, ಅಂದರೆ 'ಸಾಫ್ಟ್‌ವೇರ್' ಎಂಬಲ್ಲಿ ಟ್ ಮತ್ತು ವೇ ನಡುವೆ ಇರುವುದು, ಅಲ್ಲಿದೆ ಎಂದು ಅವು ತೋರಿಸುತ್ತಿರಬಹುದು, ಆದರೆ ಎಲ್ಲ ಕಡೆಯೂ ತೋರಿಸುತ್ತವೆ ಎಂದು ನೆಚ್ಚಬೇಡಿ. ಎರಡು ಪಟ್ಟಿ ಜೋಡಿಸುವಾಗ ಎಚ್.ಡಿ. ಕೋಟೆ ತಾಲ್ಲೂಕು ಮಾತ್ರ ಜೋಡಿಯಾಗದೆ ಎನ್‌ಎ (ಬೆಲೆ ಇಲ್ಲ ಎಂಬ ಗುರುತು) ಬಂತು ಎಂದಿಟ್ಟುಕೊಳ್ಳಿ. ಎರಡೂ ಕಡೆ ನೋಡಲು ಒಂದೇ. ಆದರೆ ಮೊದಲಿನ 'ಎಚ್' ಅನ್ನು ಅಕ್ಷರ ಸಂಕೇತಗಳನ್ನು ಎಣಿಸುವ ಎನ್‌ಚಾರ್ ಫಂಕ್ಷನ್‌ಗೆ ಕೊಟ್ಟರೆ ಒಂದು ಕಡೆ 3 ಬರುತ್ತದೆ, ಇನ್ನೊಂದು ಕಡೆ 4. ಆ ನಾಲ್ಕನೆಯದೇ ಅಡಗಿರುವ ಅಕ್ಷರ. ಜೋಡಿಸುವುದಕ್ಕೆಂದೇ ಬೇರೆ ಕಾಲಂ ಮಾಡಿ ಅದರಲ್ಲಿ ಮಾತ್ರ ಅದನ್ನು ತೆಗೆಯಿರಿ. ಮೂಲ ಕಾಲಂನಲ್ಲಿ ತೆಗೆದರೆ ಸಾಫ್ಟ್‌ವೇರ್ ಹೋಗಿ 'ಸಾಫ್ಟ್ವೇರ್' ಆಗುತ್ತದೆ. ಇನ್ನೊಂದು ಬಗೆಯ ತೊಡಕನ್ನು ಚೌಕಟ್ಟೂ ತೋರಿಸದು: ಕೊಪ್ಪಳದ 'ಕೊ'ನಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು. ಸ್ಟ್ರಿಂಗೈ ಪ್ಯಾಕೇಜ್‌ನ ಎನ್‌ಎಫ್‌ಸಿ ಪರಿವರ್ತನೆ ಇವೆರಡನ್ನೂ ಒಂದಾಗಿಸುತ್ತದೆ. ಕಾಣದ ಅಕ್ಷರವನ್ನು ಮಾತ್ರ ಅದು ಮುಟ್ಟುವುದಿಲ್ಲ. ಎರಡೂ ಹೆಜ್ಜೆ ಬೇಕು.

ಚಿತ್ರದ ಮೇಲಿನ ಕನ್ನಡದಲ್ಲಿ ಅತಿ ಹೆಚ್ಚು ಜನ ಮೋಸ ಹೋಗುವುದು. ಎಚ್‌ಟಿಟಿಪಿಜಿಡಿ ಕಿಟಕಿಯಲ್ಲಿ 'ಉತ್ತರ ಕನ್ನಡ' ಅಂದವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಅಕ್ಷರ ಬಿಡಿಸುವುದು ವಿಎಸ್ ಕೋಡ್ ಒಳಗಿರುವ ಬ್ರೌಸರ್ ಎಂಜಿನ್. ಫೈಲ್‌ಗೆ ಉಳಿಸುವಾಗ ಅಕ್ಷರ ಬಿಡಿಸುವುದು ಆರ್‌ನ ಡಿವೈಸ್, ಅಂದರೆ ಚಿತ್ರವನ್ನು ಫೈಲಾಗಿ ಬರೆಯುವ ಭಾಗ. ಅದಕ್ಕೆ ಒತ್ತಕ್ಷರ ಕಟ್ಟಲು ಬಾರದಿದ್ದರೆ ವರದಿಯಲ್ಲಿ 'ಉತ್‌ತರ ಕನ್‌ನಡ' ಎಂದು ಅಚ್ಚಾಗುತ್ತದೆ. ಮಾಮೂಲು ಪಿಡಿಎಫ್ ಡಿವೈಸ್‌ನಲ್ಲಂತೂ ಅಕ್ಷರಗಳ ಜಾಗದಲ್ಲಿ ಬರೀ ಚುಕ್ಕೆ. ಶೋಟೆಕ್ಸ್ಟ್ ಪ್ಯಾಕೇಜ್ ಇಂಗ್ಲಿಷ್ ಫಾಂಟ್‌ಗಳಿಗೆ ಚೆನ್ನ, ಕನ್ನಡದ ಒತ್ತಕ್ಕೆ ಆಗುವುದಿಲ್ಲ. ಪಿಎನ್‌ಜಿಗೆ ರ‍್ಯಾಗ್ ಪ್ಯಾಕೇಜಿನ ಡಿವೈಸ್ ಬಳಸಿ, ಫಾಂಟ್ ಹೆಸರು ಸ್ಪಷ್ಟವಾಗಿ ಬರೆಯಿರಿ, ಅಚ್ಚಿಗಾದರೆ 300 ಡಿಪಿಐ ಇಡಿ. ಲಿನಕ್ಸ್‌ನಲ್ಲಿ ಪಿಡಿಎಫ್ ಬೇಕಿದ್ದರೆ ಕೈರೊ ಪಿಡಿಎಫ್ ಡಿವೈಸ್ ಒತ್ತುಗಳನ್ನು ಸರಿಯಾಗಿ ಕಟ್ಟುತ್ತದೆ. ಯಾವುದೇ ಇರಲಿ, ಪ್ಲಾಟ್ ಕಿಟಕಿ ನೋಡಿ ಸಮಾಧಾನಪಡದೆ ಉಳಿಸಿದ ಫೈಲ್ ತೆರೆದು 'ಉತ್ತರ', 'ಚಿಕ್ಕಬಳ್ಳಾಪುರ', 'ಕರ್ನಾಟಕ' ಮೂರು ಪದ ಓದಿ ನೋಡಿ. ಕೆಳಗಿನ ಒತ್ತು, ಗುಣಿತ, ಅರ್ಕಾವೊತ್ತು ಮೂರೂ ಅದರಲ್ಲಿ ಪರೀಕ್ಷೆಯಾಗುತ್ತವೆ.

ಪಾಸಿಟ್ರಾನ್ ಬಂದ ಮೇಲೆ

ಆರ್‌ಸ್ಟುಡಿಯೊ ಕಂಪನಿ 2022ರಲ್ಲಿ ಪಾಸಿಟ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ಕಂಪನಿ ವಿಎಸ್ ಕೋಡ್‌ನ ಮುಕ್ತ ತಳಹದಿಯ ಮೇಲೆ ಪಾಸಿಟ್ರಾನ್ ಎಂಬ ಎಡಿಟರ್ ಕಟ್ಟಿ 2024ರಲ್ಲಿ ಹೊರಬಿಟ್ಟಿತು. ಆರ್, ಪೈಥಾನ್ ಎರಡಕ್ಕೂ ಕನ್ಸೋಲ್, ವೇರಿಯಬಲ್ ಪಟ್ಟಿ, ಡೇಟಾ ನೋಡುವ ಕಿಟಕಿ ಅದರಲ್ಲಿ ಮೊದಲೇ ಇವೆ. ಮೇಲೆ ಹೇಳಿದ ಲ್ಯಾಂಗ್ವೇಜ್‌ಸರ್ವರ್, ಸೇತುವೆ, ರೇಡಿಯನ್ ಯಾವುದೂ ಬೇಕಿಲ್ಲ. ಹೊಸದಾಗಿ ಶುರು ಮಾಡುವವರು ಆರ್ ಮತ್ತು ಪೈಥಾನ್ ಎರಡನ್ನೂ ಬರೆಯುವವರಾದರೆ ಮೊದಲು ಅದನ್ನೇ ನೋಡಲಿ. ವಿಎಸ್ ಕೋಡ್‌ನಲ್ಲಿ ಈಗಾಗಲೇ ಬೇರೆ ನಾಲ್ಕು ಭಾಷೆಗಳ ಸರಂಜಾಮು ಜೋಡಿಸಿಕೊಂಡವರು ಅದಕ್ಕಾಗಿ ಎದ್ದು ಹೋಗಬೇಕಿಲ್ಲ. ಪಾಸಿಟ್ರಾನ್ ಎಕ್ಸ್‌ಟೆನ್ಷನ್‌ಗಳನ್ನು ಓಪನ್ ವಿಎಸ್‌ಎಕ್ಸ್‌ನಿಂದ ತರುತ್ತದೆ, ಮೈಕ್ರೋಸಾಫ್ಟ್‌ನ ಮಾರ್ಕೆಟ್‌ಪ್ಲೇಸ್‌ನಿಂದಲ್ಲ. ನೀವು ನೆಚ್ಚಿಕೊಂಡಿರುವವು ಅಲ್ಲಿ ಸಿಗುತ್ತವೆಯೇ ಎಂದು ಮೊದಲು ಹುಡುಕಿ ನೋಡಿ. ಈ ಬರಹದ ಆರ್ ಎಕ್ಸ್‌ಟೆನ್ಷನನ್ನು ಮಾತ್ರ ಅದರೊಳಗೆ ಹಾಕಬೇಡಿ. ಒಂದೇ ಕೆಲಸಕ್ಕೆ ಎರಡು ವ್ಯವಸ್ಥೆ ನಿಂತರೆ ಕಂಟ್ರೋಲ್-ಎಂಟರ್ ಯಾವ ಆರ್‌ಗೆ ಹೋಯಿತು ಎಂಬುದೇ ತಿಳಿಯದಂತಾಗುತ್ತದೆ.